ಸಾಧನ ಕೊನೆಗೆ: ಊರಿನ ನಾಯಿ ಅಜಿಲಿಟಿ ಕ್ಲಬ್ ಕಟ್ಟಿ ನಡೆಸುವ ಕ್ರಮ

ಅಜಿಲಿಟಿ ಎಂದರೆ ಮಾಲೀಕರ ಸೂಚನೆಯಂತೆ ನಾಯಿ ಅಡೆತಡೆಗಳ ಸಾಲನ್ನು ಓಡಿ ದಾಟುವ ಆಟ. ಅದರ ಕ್ಲಬ್ ಕಟ್ಟಲು ಹೋದ ಬೇರೆ ಬೇರೆ ಊರಿನವರ ಬಾಯಲ್ಲಿ ಒಂದೇ ಕಥೆ ಕೇಳುತ್ತಿದ್ದೇನೆ. ನಾಲ್ಕು ಜನ ಸೇರುತ್ತಾರೆ, ದುಡ್ಡು ಹಾಕುತ್ತಾರೆ, ನಾಯಿ ನುಸುಳಿ ಹೋಗುವ ಟನಲ್, ಎರಡು ಇಳಿಜಾರು ಹಲಗೆಗಳನ್ನು ಹತ್ತಿ ಇಳಿಯುವ ಎ-ಫ್ರೇಮ್, ಅಡ್ಡಕೋಲು ಹಾರುವ ಹತ್ತು ಜಂಪ್ ತರಿಸುತ್ತಾರೆ. ಮೊದಲ ಭಾನುವಾರವೇ ಎಲ್ಲವನ್ನೂ ಮೈದಾನದಲ್ಲಿ ಜೋಡಿಸಿ ನಾಯಿಗಳ ಚೈನ್ ಬಿಚ್ಚುತ್ತಾರೆ. ಒಂದು ನಾಯಿ ಬೇಲಿ ಹಾರಿ ಓಡುತ್ತದೆ, ಎರಡು ಕಚ್ಚಾಡುತ್ತವೆ, ಮತ್ತೊಂದು ಎ-ಫ್ರೇಮಿನಿಂದ ಬಿದ್ದು ಆಮೇಲೆ ಅದರ ಹತ್ತಿರವೂ ಸುಳಿಯುವುದಿಲ್ಲ. ಮೂರನೇ ತಿಂಗಳಿಗೆ ಸಾಧನಗಳು ಯಾರದೋ ಮನೆಯ ಶೆಡ್ಡು ಸೇರುತ್ತವೆ.

ನಮ್ಮ ಗುಂಪೂ ಮೊದಲ ಸಲ ಹೀಗೇ ಮುರಿಯಿತು. ಎರಡನೇ ಸಲ ಶುರುಮಾಡಿದಾಗ ನಾಯಿಗಳು ಅವೇ, ಜನ ಅವರೇ, ಬದಲಿಸಿದ್ದು ಕ್ರಮವನ್ನು ಮಾತ್ರ. ಜನ, ಜಾಗ, ನಾಯಿಯ ಆರೋಗ್ಯ, ನಾಯಿಯ ಗಮನ ಇವೆಲ್ಲ ಆದ ಮೇಲೆ ಸಾಧನ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನ ಹಂತದಲ್ಲಿ ಅದಕ್ಕೆ ಬೆಲೆ ತೆರುವುದು ನಾಯಿ.

## ಹಂತ 1: ಮೊದಲು ಜನ

ಆರರಿಂದ ಎಂಟು ನಾಯಿಗಳ ಗುಂಪು ಸಾಕು. ಇಪ್ಪತ್ತು ನಾಯಿಗಳಿಂದ ಶುರುಮಾಡಿದರೆ ಪ್ರತಿ ನಾಯಿಯೂ ಕಾಯುವುದನ್ನೇ ಕಲಿಯುತ್ತದೆ, ಬೊಗಳುತ್ತಾ ಕಾಯುವುದನ್ನು.

ಮೊದಲ ಸಭೆಗೆ ನಾಯಿಗಳನ್ನು ತರಬೇಡಿ. ಮೂರು ಕೆಲಸ ಹಂಚಿಕೊಳ್ಳಿ: ಕಲಿಸುವವರು ಒಬ್ಬರು, ಲೆಕ್ಕ ಇಡುವವರು ಒಬ್ಬರು, ಸುರಕ್ಷತೆ ನೋಡುವವರು ಒಬ್ಬರು. ಮೂರನೆಯವರ ಮಾತಿಗೆ ಮೈದಾನದಲ್ಲಿ ಎದುರು ಮಾತಿಲ್ಲ. "ಇವತ್ತು ಬಿಸಿಲು ಹೆಚ್ಚು, ಸಾಕು" ಎಂದರೆ ಸಾಕು. ಕಲಿಸುವವರೇ ಸುರಕ್ಷತೆಯನ್ನೂ ನೋಡಿಕೊಳ್ಳಲಿ ಎಂದು ಬಿಡಬೇಡಿ. ಪಾಠದ ಹುರುಪಿನಲ್ಲಿ ಗಡಿಯಾರ ಮರೆಯುತ್ತದೆ.

ನೋಂದಣಿಗೆ ಅವಸರ ಬೇಡ. ಮೂರು ತಿಂಗಳು ತಪ್ಪದೆ ತರಗತಿ ನಡೆದ ಮೇಲೆ ಉಳಿದವರು ಯಾರು ಎಂಬುದು ಗೊತ್ತಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಆ ಏಳು ಹೆಸರುಗಳನ್ನು ಮೊದಲ ದಿನದ ಉತ್ಸಾಹ ನೋಡಿ ಬರೆಯಬೇಡಿ, ಮೂರು ತಿಂಗಳ ಹಾಜರಿ ನೋಡಿ ಬರೆಯಿರಿ.

## ಹಂತ 2: ಜಾಗ ಮತ್ತು ಹೊತ್ತು

ಸ್ಪರ್ಧೆಯ ಅಂಗಳ ಸುಮಾರು 20 ಮೀಟರ್ ಅಗಲ, 40 ಮೀಟರ್ ಉದ್ದ ಇರುತ್ತದೆ. ಕಲಿಯಲು ಅದರ ಅರ್ಧದಷ್ಟಿದ್ದರೂ ನಡೆಯುತ್ತದೆ. ಅಳತೆಗಿಂತ ನೆಲ ಮುಖ್ಯ. ಬೇಸಿಗೆಯಲ್ಲಿ ಕೆಂಪು ಮಣ್ಣು ಕಲ್ಲಿನಂತಾಗುತ್ತದೆ, ಅದರ ಮೇಲೆ ಹಾರಿ ಇಳಿದರೆ ಪೆಟ್ಟು ನೇರ ಭುಜಕ್ಕೆ. ಕರಿಮಣ್ಣಾದರೆ ಒಂದು ಮಳೆಗೇ ಜಾರುತ್ತದೆ. ಗರಿಕೆ ಹಬ್ಬಿದ, ಕಾಲಿಟ್ಟರೆ ಸ್ವಲ್ಪ ಒತ್ತುವ ನೆಲ ಸಿಕ್ಕರೆ ಬಾಡಿಗೆ ಹೆಚ್ಚಾದರೂ ಹಿಡಿದುಕೊಳ್ಳಿ. ಸಿಮೆಂಟ್ ಅಂಗಳ, ಬ್ಯಾಡ್ಮಿಂಟನ್ ಕೋರ್ಟ್ ಬೇಡವೇ ಬೇಡ.

ಬಾಡಿಗೆ ಮಾತಾಡುವ ಮೊದಲು ನೆಲದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆಯಿರಿ. ನೆಗ್ಗಿಲು ಮುಳ್ಳು, ಗಾಜಿನ ಚೂರು, ಹೆಗ್ಗಣದ ಬಿಲ ಕಣ್ಣಿಗೆ ಬೀಳುವ ಮೊದಲು ಕಾಲಿಗೆ ಸಿಗುತ್ತವೆ. ಬಿಲದಲ್ಲಿ ಮುಂಗಾಲು ಸಿಕ್ಕಿಕೊಂಡ ನಾಯಿ ತಿಂಗಳುಗಟ್ಟಲೆ ಕುಂಟುವುದನ್ನು ನೋಡಿದ್ದೇನೆ. ಪ್ರತಿ ತರಗತಿಗೂ ಮುಂಚೆ ಈ ಸುತ್ತು ಆಗಬೇಕು, ಚಪ್ಪಲಿ ಹಾಕಿಕೊಂಡಾದರೂ.

ಬೇಲಿ ಆರು ಅಡಿ ಇರಲಿ. ನಾಲ್ಕಡಿ ಬೇಲಿ ಮುಧೋಳ ನಾಯಿಗೆ ಲೆಕ್ಕಕ್ಕೇ ಇಲ್ಲ. ಬೇಲಿಯ ಬುಡದಲ್ಲಿ ನುಸುಳುವ ಸಂದು ಇದ್ದರೆ ಕಲ್ಲು ಜೋಡಿಸಿ. ರಸ್ತೆಯ ಕಡೆಗೆ ಹಸಿರು ನೆರಳುಬಲೆ ಕಟ್ಟಿದರೆ ಹೊರಗಿನ ಓಡಾಟ ಕಾಣದೆ ನಾಯಿಗಳ ಅರ್ಧ ತಲೆನೋವು ಹೋಗುತ್ತದೆ. ಅಲ್ಲೇ ಬದುಕುವ ಬೀದಿನಾಯಿಗಳಿದ್ದರೆ ಓಡಿಸಲು ಹೋಗಬೇಡಿ. ಅವಕ್ಕೆ ಅನ್ನ ಹಾಕುವವರು ಯಾರೋ ಇದ್ದೇ ಇರುತ್ತಾರೆ, ಅವರನ್ನು ಹುಡುಕಿ ಮಾತಾಡಿ. ತರಗತಿಯ ಹೊತ್ತಿನಲ್ಲಿ ಮೈದಾನದ ಇನ್ನೊಂದು ತುದಿಯಲ್ಲಿ ಊಟ ಹಾಕಲು ಅವರು ಒಪ್ಪಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಹೊತ್ತು ಬೆಳಿಗ್ಗೆ ಆರರಿಂದ ಎಂಟೂವರೆ. ಮಾರ್ಚ್‌ನಿಂದ ಮೇ ತನಕ ಎಂಟಕ್ಕೇ ಮುಗಿಸಿ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

## ಹಂತ 3: ಸೇರಿಸಿಕೊಳ್ಳುವ ಮೊದಲು ನಾಯಿಯನ್ನು ನೋಡುವುದು

ಲಸಿಕೆ ಕಾರ್ಡ್ ಇಲ್ಲದ ನಾಯಿಗೆ ಗೇಟಿನ ಒಳಗೆ ಪ್ರವೇಶವಿಲ್ಲ, ಅದು ಅಧ್ಯಕ್ಷರದ್ದೇ ಆಗಿರಲಿ. ಹುಚ್ಚುನಾಯಿ ರೋಗದ ಲಸಿಕೆ, ಪಾರ್ವೊ ಮತ್ತು ಡಿಸ್ಟೆಂಪರ್ ತಡೆಯುವ ಸಂಯುಕ್ತ ಲಸಿಕೆ, ಇಲಿಜ್ವರದ ಲಸಿಕೆ ಮೂರರ ತಾರೀಕನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ನಾಯಿಗಳು ಒಂದೆಡೆ ಸೇರುವ ಜಾಗದಲ್ಲಿ ಕೆನಲ್ ಕಾಫ್ ಎಂಬ ಅಂಟುಕೆಮ್ಮು ಸುಲಭವಾಗಿ ಹರಡುತ್ತದೆ, ಹಾಗಾಗಿ ಕೆಮ್ಮುವ ನಾಯಿ ಮನೆಯಲ್ಲೇ ಇರಬೇಕು.

ರಕ್ತ ಹೀರುವ ಉಣ್ಣಿಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬಿಡಿಸಿ ನೋಡಿ. ಉಣ್ಣಿ ಜ್ವರ ಬಂದ ನಾಯಿ ಮೊದಲು ಮಂಕಾಗುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. "ಇವತ್ತು ಯಾಕೋ ಸೋಮಾರಿಯಾಗಿದ್ದಾನೆ" ಎಂದು ಯಾರಾದರೂ ಹೇಳಿದರೆ ಒಸಡು ನೋಡಿ.

ತೂಕ ನೋಡುವುದು ಕೈಯಿಂದ. ಪಕ್ಕೆಗೆ ಬೆರಳಾಡಿಸಿದರೆ ಎಲುಬುಗಳು ಸುಲಭವಾಗಿ ಎಣಿಕೆಗೆ ಸಿಗಬೇಕು. ಅನ್ನ-ಮೊಸರು ತಿಂದು ದುಂಡಗಾದ ಲ್ಯಾಬ್ರಡಾರ್‌ಗೆ ಜಂಪ್ ಕೊಡುವುದು ತಪ್ಪು. ಅದಕ್ಕೆ ಮೊದಲ ಎರಡು ತಿಂಗಳು ನಡಿಗೆ, ಅಳತೆಯ ಊಟ, ನೆಲದ ಮೇಲಿನ ಪಾಠ ಮಾತ್ರ.

ಮರಿಗಳ ಎಲುಬಿನ ತುದಿಯ ಬೆಳವಣಿಗೆಯ ಪದರ ತಳಿಗೆ ತಕ್ಕಂತೆ 12ರಿಂದ 18 ತಿಂಗಳಲ್ಲಿ ಗಟ್ಟಿಯಾಗುತ್ತದೆ, ಭಾರೀ ತಳಿಗಳಲ್ಲಿ ಇನ್ನೂ ತಡ. ಅಲ್ಲಿಯ ತನಕ ಎತ್ತರದ ಜಂಪ್, ವೀವ್ ಪೋಲ್ (ಅಂಕುಡೊಂಕಾಗಿ ನುಸುಳುವ ಕಂಬಗಳ ಸಾಲು), ಎ-ಫ್ರೇಮ್ ಇಲ್ಲ. ಮಾಲೀಕರು ಹೆಚ್ಚು ಜಗಳ ತೆಗೆಯುವುದು ಈ ನಿಯಮದ ಮೇಲೆಯೇ, "ಮನೆಯಲ್ಲಿ ಸೋಫಾ ಹಾರ್ತಾನೆ ಸಾರ್" ಎಂದು. ಸೋಫಾ ಹಾರುವುದು ದಿನಕ್ಕೆ ನಾಲ್ಕು ಸಲ. ತರಗತಿಯಲ್ಲಿ ಅದೇ ಕೀಲು ನಲವತ್ತು ಸಲ ಪೆಟ್ಟು ತಿನ್ನುತ್ತದೆ.

ಬೆದೆಗೆ ಬಂದ ಹೆಣ್ಣುನಾಯಿಗೆ ಸುಮಾರು ಮೂರು ವಾರ ರಜೆ. ಶುಲ್ಕವನ್ನು ಮುಂದಿನ ತಿಂಗಳಿಗೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಜನ ಮುಚ್ಚಿಟ್ಟು ಕರೆತರುತ್ತಾರೆ.

## ಹಂತ 4: ಆರು ವಾರ, ಒಂದೂ ಸಾಧನವಿಲ್ಲದೆ

ಎಲ್ಲರೂ ಹಾರಿಸಲು ನೋಡುವ ಹಂತ ಇದು. ಕ್ಲಬ್ ಉಳಿಯುವುದೂ ಮುರಿಯುವುದೂ ಇಲ್ಲೇ.

ಮೊದಲ ವಾರ ಮನೆಯ ಭಾಷೆ ಒಂದು ಮಾಡಿ. ಅಜ್ಜಿ "ಬಾರೋ ಮರಿ" ಎನ್ನುತ್ತಾರೆ, ಅಪ್ಪ "ಏಯ್ ಇಲ್ ಬಾ" ಎನ್ನುತ್ತಾರೆ, ಮಗಳು "ಕಮ್ ಕಮ್" ಎನ್ನುತ್ತಾಳೆ. ನಾಯಿಗೆ ಅವು ಮೂರು ಬೇರೆ ಸದ್ದು. ಕರೆಯಲು ಒಂದು ಪದ, ಕೂರಲು ಒಂದು, ಕಾಯಲು ಒಂದು, ಬಿಡುಗಡೆಗೆ ಒಂದು, ಇಷ್ಟನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಮ್ಮಲ್ಲಿ "ಬಾ", "ಕೂರು", "ತಡಿ", "ಹೋಗು" ಚೆನ್ನಾಗಿ ಒಗ್ಗಿವೆ. ಕೇಳಲು ಒಂದಕ್ಕೊಂದು ಹೋಲುವುದಿಲ್ಲ, ಓಡುತ್ತಾ ಕೂಗಲು ಸುಲಭ. ಬೈಯಲು ಈ ಪದಗಳನ್ನು ಎಂದೂ ಬಳಸಬೇಡಿ. "ಬಾ" ಎಂದು ಕರೆದು ಸ್ನಾನ ಮಾಡಿಸಿದರೆ ಆ ಪದ ಅಲ್ಲಿಗೆ ಸತ್ತಿತು.

ಎರಡನೇ ವಾರದಿಂದ ಬಹುಮಾನದ ಲೆಕ್ಕ. ಬೇಯಿಸಿದ ಕೋಳಿ, ಲಿವರ್ ಅಥವಾ ಪನೀರನ್ನು ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿ ಸೊಂಟದ ಚೀಲದಲ್ಲಿಡಿ. ಉಪ್ಪು, ಈರುಳ್ಳಿ, ಮಸಾಲೆ ಸೋಕಬಾರದು. ಆವತ್ತಿನ ಬೆಳಗಿನ ಊಟ ಇದರಲ್ಲೇ ಆಗಲಿ. ಹೊಟ್ಟೆ ತುಂಬಿಕೊಂಡು ಬಂದ ನಾಯಿ ಕಲಿಯುವುದಿಲ್ಲ, ಜೊತೆಗೆ ಓಡಿದಾಗ ದೊಡ್ಡ ತಳಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಹತ್ತು ಮೀಟರ್ ಹಗ್ಗ ಕಟ್ಟಿ ಕರೆಯಿರಿ. ಬಂದರೆ ಬಹುಮಾನ. ಬಾರದಿದ್ದರೆ ಎಳೆಯಬೇಡಿ, ನೀವೇ ತಿರುಗಿ ಎದುರು ದಿಕ್ಕಿಗೆ ಓಡಿ.

ಮುಧೋಳದಂಥ ನೋಟದಿಂದ ಬೇಟೆಯಾಡುವ ತಳಿಗೆ ಈ ಹಗ್ಗ ಆರು ವಾರಕ್ಕೆ ಕಳಚುವುದಿಲ್ಲ, ಆರು ತಿಂಗಳಾದರೂ ಇರಬೇಕು. ಅದು ಮೊಂಡುತನವಲ್ಲ. ದೂರದಲ್ಲಿ ಓಡುವುದೇನಾದರೂ ಕಂಡರೆ ಅಟ್ಟು ಎಂದೇ ಅದನ್ನು ತಲೆತಲಾಂತರದಿಂದ ಸಾಕಿದ್ದಾರೆ. ಉದ್ದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಚೂರು ಕಟ್ಟಿ ಓಡಿಸಿ. ಅಟ್ಟುವ ಆಸೆಯನ್ನೇ ಬಹುಮಾನ ಮಾಡಿಕೊಂಡವರಿಗೆ ಮುಧೋಳ ಒಲಿಯುತ್ತದೆ. ಬೈದು ಕಲಿಸಲು ಹೋದವರಿಗೆ ಬೆನ್ನು ತಿರುಗಿಸುತ್ತದೆ. ಅದರ ಚರ್ಮ ತೆಳು, ಕೂದಲು ಗಿಡ್ಡ, ಆದ್ದರಿಂದ ಬೇಲಿಯ ತಂತಿಯ ತುದಿಗಳನ್ನು ಬಗ್ಗಿಸಿಡಿ.

ನಾಲ್ಕನೇ ವಾರದಿಂದ ಜನರಿಗೂ ಪಾಠ. ನಾಯಿಗಳನ್ನು ನೆರಳಲ್ಲಿ ಕಟ್ಟಿ, ಮನುಷ್ಯರು ಮಾತ್ರ ನೆಲದ ಮೇಲೆ ಇಟ್ಟ ಚಪ್ಪಲಿಗಳ ನಡುವೆ ಓಡಿ ತಿರುವು ಕಲಿಯಿರಿ. ನಾಯಿಯ ಮುಂದೆ ಹಾದು ಪಕ್ಕ ಬದಲಿಸುವುದು ಫ್ರಂಟ್ ಕ್ರಾಸ್, ಹಿಂದೆ ಹಾದು ಬದಲಿಸುವುದು ರಿಯರ್ ಕ್ರಾಸ್. ನಾಯಿ ನೋಡುವುದು ನಿಮ್ಮ ಭುಜ ಮತ್ತು ಪಾದದ ದಿಕ್ಕನ್ನು, ಬಾಯಿ ಆಮೇಲೆ. ಬಾಯಲ್ಲಿ "ಎಡಕ್ಕೆ" ಎಂದು ಕೂಗುತ್ತಾ ಪಾದ ಬಲಕ್ಕಿಟ್ಟರೆ ಅದು ಬಲಕ್ಕೇ ಹೋಗುತ್ತದೆ, ಹೋಗಿದ್ದು ಸರಿಯೂ ಹೌದು.

ನಿಲ್ಲಿಸಬೇಕಾದ ಸೂಚನೆಗಳು: ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ನೆಲ ಮೂಸುವುದು, ಮೈ ಕೆರೆದುಕೊಳ್ಳುವುದು, ಬಾಲ ಒಳಸೇರಿಸುವುದು. "ಗಮನ ಇಲ್ಲ" ಎಂದು ಬೈಸಿಕೊಳ್ಳುವ ಹೆಚ್ಚಿನ ನಾಯಿಗಳು ಹೆದರಿರುತ್ತವೆ. ಮುಳ್ಳಿನ ಬೆಲ್ಟ್, ಕರೆಂಟ್ ಬೆಲ್ಟ್ ತರುವವರಿಗೆ ಕ್ಲಬ್ಬಿನಲ್ಲಿ ಜಾಗವಿಲ್ಲ ಎಂದು ನಿಯಮದಲ್ಲೇ ಬರೆಯಿರಿ.

ಆರು ವಾರದ ಕೊನೆಗೆ ಪರೀಕ್ಷೆ ಇದು: ಇನ್ನೊಂದು ನಾಯಿ ಹದಿನೈದು ಹೆಜ್ಜೆ ದೂರದಲ್ಲಿ ಇರುವಾಗ ನಿಮ್ಮ ನಾಯಿ ಹತ್ತು ಎಣಿಸುವ ತನಕ ಕೂತಿರಬೇಕು, ಕರೆದರೆ ನೇರ ಬರಬೇಕು. ಆಗದಿದ್ದರೆ ಇನ್ನೆರಡು ವಾರ.

## ಹಂತ 5: ಸಾಧನ ಮಾಡಿಸುವುದು

ಮೊದಲು ನಾಲ್ಕು ಜಂಪ್, ಒಂದು ಟನಲ್, ನೆಲದ ಮೇಲಿಡಲು ಒಂದು ಹಲಗೆ. ಮೊದಲ ವರ್ಷದ ಬಹುಪಾಲು ಇಷ್ಟರಲ್ಲೇ ಕಳೆಯಬಹುದು.

ಜಂಪನ್ನು ಪಿವಿಸಿ ಪೈಪಿನಲ್ಲಿ ಮನೆಯಲ್ಲೇ ಮಾಡಬಹುದು. ಅಡ್ಡಕೋಲು 120ರಿಂದ 130 ಸೆಂಟಿಮೀಟರ್. ಕೋಲು ತಾಗಿದ ತಕ್ಷಣ ಬೀಳಬೇಕು, ಎರಡೂ ಕಡೆಗೂ ಬೀಳಬೇಕು. ಬೀಳದಿರಲಿ ಎಂದು ಸ್ಕ್ರೂ ಹಾಕಿದ ಜಂಪ್ ನಾಯಿಯ ಕಾಲನ್ನು ಮುರಿಯುತ್ತದೆ. ಟನಲ್‌ನ ಬಾಯಿ 60 ಸೆಂಟಿಮೀಟರ್ ಅಗಲ ಇರಲಿ. ಎರಡೂ ಪಕ್ಕ ಮರಳಿನ ಚೀಲ ಇಟ್ಟು ಬಿಗಿಮಾಡಿ. ಒಳಗೆ ನಾಯಿ ಇರುವಾಗ ಟನಲ್ ಉರುಳಿದರೆ ಆ ಭಯ ಬಿಡಿಸಲು ತಿಂಗಳುಗಳು ಬೇಕು. ಬೆಳಿಗ್ಗೆ ಒಳಗೆ ಕೋಲಾಡಿಸಿ ನೋಡುವುದನ್ನು ಮರೆಯಬೇಡಿ, ಹಾವಿಗೂ ಅದು ತಂಪು ಜಾಗ.

ಎ-ಫ್ರೇಮ್, ಡಾಗ್ ವಾಕ್ (ಹತ್ತಿ, ನಡೆದು, ಇಳಿಯುವ ಕಿರಿದಾದ ಹಲಗೆ ಸೇತುವೆ), ಸೀ-ಸಾ (ಏರಿಳಿಯುವ ಹಲಗೆ) ವೆಲ್ಡಿಂಗ್ ಅಂಗಡಿಯ ಕೆಲಸ. ಅಲ್ಲಿಗೆ ಹೋಗುವಾಗ ಅಳತೆ ಬರೆದುಕೊಂಡು ಹೋಗಿ. ಡಾಗ್ ವಾಕ್ ಮತ್ತು ಸೀ-ಸಾ ಹಲಗೆಯ ಅಗಲ 30 ಸೆಂಟಿಮೀಟರ್, ತುದಿಯಿಂದ 90 ಸೆಂಟಿಮೀಟರ್ ತನಕ ಬೇರೆ ಬಣ್ಣದ ಕಾಂಟ್ಯಾಕ್ಟ್ ಝೋನ್, ಅಂದರೆ ನಾಯಿ ಕಾಲಿಡಲೇಬೇಕಾದ ಭಾಗ. ಬಣ್ಣದ ಮೇಲೆ ಒರಟು ಮರಳು ಉದುರಿಸಬೇಡಿ, ಅದು ಪಾದ ಸುಲಿಯುತ್ತದೆ. ರಬ್ಬರ್ ಹರಳು ಅಂಟಿಸಿದ ಮೇಲ್ಮೈ ಒಳ್ಳೆಯದು. ಸೀ-ಸಾ ಪರೀಕ್ಷೆ ಸುಲಭ: ಮೇಲೆದ್ದಿರುವ ತುದಿಯ ಕಾಂಟ್ಯಾಕ್ಟ್ ಝೋನ್ ಮಧ್ಯೆ ಒಂದು ಕಿಲೋ ತೂಕ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ನಿಧಾನಕ್ಕೆ ನೆಲಕ್ಕೆ ಇಳಿಯಬೇಕು. ದಪ್ ಎಂದು ಬಿದ್ದರೆ ಅಥವಾ ಅಲ್ಲಾಡದಿದ್ದರೆ ಅಂಗಡಿಗೆ ವಾಪಸ್.

## ಹಂತ 6: ಅಡೆತಡೆ ಕಲಿಸುವ ಸಾಲು

ಟನಲ್ ಮೊದಲು. ಒಂದು ಮೀಟರಿನಷ್ಟು ಕುಗ್ಗಿಸಿ, ಈಚೆ ಒಬ್ಬರು ನಾಯಿಯನ್ನು ಹಿಡಿದು ನಿಲ್ಲಿ, ಆಚೆ ಮಾಲೀಕರು ಬಗ್ಗಿ ಮುಖ ತೋರಿಸಿ ಕರೆಯಲಿ. ಮೂರು ಸಲ ಸಲೀಸಾಗಿ ಬಂದರೆ ಒಂದಡಿ ಉದ್ದ ಮಾಡಿ. ಒಳಗೆ ತಳ್ಳಬೇಡಿ.

ಜಂಪ್. ಕೋಲು ನೆಲದ ಮೇಲಿರಲಿ. ಆಮೇಲೆ ನಾಯಿಯ ಮುಂಗಾಲಿನ ಮಣಿಕಟ್ಟಿನ ಎತ್ತರ. ವಾರಕ್ಕೆ ಐದು ಸೆಂಟಿಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಕೋಲು ಪದೇ ಪದೇ ಬೀಳುತ್ತಿದ್ದರೆ ನಾಯಿಗೆ ಹಾರಲು ಬಾರದು ಎಂದಲ್ಲ, ಅದು ಹಾರುವ ಕ್ಷಣದಲ್ಲೇ ನೀವು ಕೂಗಿದ್ದೀರಿ ಅಥವಾ ತಿರುಗಿದ್ದೀರಿ. ಕೋಲು ಬಿದ್ದರೆ "ಛೆ" ಎನ್ನಬೇಡಿ.

ಕಾಂಟ್ಯಾಕ್ಟ್. ಇಳಿಯುವಾಗ ಬಣ್ಣದ ಭಾಗಕ್ಕೆ ಕಾಲಿಡದೆ ಹಾರಿದರೆ ಸ್ಪರ್ಧೆಯಲ್ಲಿ ತಪ್ಪು, ಭುಜಕ್ಕೂ ಕೇಡು. ಮನೆಯ ಕೊನೆಯ ಮೆಟ್ಟಿಲಲ್ಲೇ ಕಲಿಸಿ: ಹಿಂಗಾಲು ಮೆಟ್ಟಿಲ ಮೇಲೆ, ಮುಂಗಾಲು ನೆಲದ ಮೇಲೆ, ಅಲ್ಲೇ ನಿಲ್ಲಬೇಕು, "ಹೋಗು" ಎಂದ ಮೇಲೆ ಹೊರಡಬೇಕು. ದಿನಕ್ಕೆ ಹತ್ತು ಸಲ, ಒಂದು ತಿಂಗಳು. ಹಲಗೆಗೆ ಬಂದಾಗ ಅದಕ್ಕೆ ಪಾಠ ಆಗಲೇ ಗೊತ್ತಿರುತ್ತದೆ.

ಸೀ-ಸಾ. ಏರಿಸುವ ಮೊದಲು ಸದ್ದಿನ ಭಯ ಕಳೆಯಿರಿ. ತುದಿಯ ಕೆಳಗೆ ಇಟ್ಟಿಗೆ, ಅದರ ಮೇಲೆ ಹಾಸಿಗೆ ಇಟ್ಟು ಒಂದಂಗುಲ ಮಾತ್ರ ಅಲ್ಲಾಡುವಂತೆ ಮಾಡಿ. ನಾಯಿ ತಾನೇ ಕಾಲಿನಿಂದ ಬಡಿದು ಸದ್ದು ಮಾಡಿದರೆ ಬಹುಮಾನ. ಎತ್ತರ ನಿಧಾನಕ್ಕೆ.

ವೀವ್ ಪೋಲ್ ಕೊನೆಗೆ. ಹನ್ನೆರಡು ಕಂಬ, ಒಂದೊಂದರ ನಡುವೆ 60 ಸೆಂಟಿಮೀಟರ್. ಮೊದಲ ಕಂಬ ಯಾವಾಗಲೂ ನಾಯಿಯ ಎಡ ಭುಜದ ಪಕ್ಕ ಬರಬೇಕು. ಕಂಬಗಳನ್ನು ಎರಡು ಸಾಲಾಗಿ ಅಗಲಿಸಿ ಓಣಿಯಂತೆ ಮಾಡಿ ನೇರ ಓಡಿಸಿ, ವಾರ ವಾರ ಸಾಲುಗಳನ್ನು ಹತ್ತಿರ ತನ್ನಿ. ಮೂರರಿಂದ ಆರು ತಿಂಗಳು ಬೇಕು. ಕೈಯಲ್ಲಿ ತಿಂಡಿ ಹಿಡಿದು ಕಂಬಗಳ ನಡುವೆ ಎಳೆದಾಡಿಸಿದರೆ ನಾಯಿ ಕೈಯನ್ನು ಕಲಿಯುತ್ತದೆ, ಕಂಬವನ್ನಲ್ಲ. ಬೆನ್ನು ಬಳಸುವ ಕೆಲಸ ಇದು, ಒಂದು ಬೆಳಿಗ್ಗೆಗೆ ಆರೇಳು ಸಲ ಸಾಕು.

ತರಗತಿಯಲ್ಲಿ ಪ್ರತಿ ನಾಯಿಗೂ ಐದು ನಿಮಿಷ ನಡಿಗೆ, ಆಮೇಲೆ ಎರಡು-ಮೂರು ನಿಮಿಷ ಕೆಲಸ, ಮತ್ತೆ ನೆರಳಲ್ಲಿ ವಿಶ್ರಾಂತಿ. ಎರಡು ಗಂಟೆಯಲ್ಲಿ ಒಂದು ನಾಯಿಯ ನಿಜವಾದ ಓಟ ಹದಿನೈದು ನಿಮಿಷ ದಾಟಬಾರದು.

## ಹಂತ 7: ಬಿಸಿಲಿನ ಪೆಟ್ಟು, ಕಚ್ಚಿದ ಗಾಯ

ಇವೆರಡನ್ನೂ ಎಲ್ಲ ಸದಸ್ಯರೂ ಬಾಯಿಪಾಠ ಮಾಡಿರಬೇಕು.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಕೆಲಸ ನಿಲ್ಲಿಸಿ ತಂಪು ಮಾಡಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ನೋಡಬೇಕಾದದ್ದು: ನಾಲಿಗೆ ಅಗಲವಾಗಿ ಜೋತು ಕಡುಗೆಂಪಾಗುವುದು, ಜೊಲ್ಲು ಗಟ್ಟಿಯಾಗುವುದು, ಹಿಂಗಾಲು ತೂರಾಡುವುದು, ವಾಂತಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವು ಇನ್ನೂ ಬೇಗ ಬೀಳುತ್ತವೆ.

1. ನೆರಳಿಗೆ ತನ್ನಿ, ಬೆಲ್ಟ್ ಬಿಚ್ಚಿ.
2. ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಿ, ಜೊತೆಗೆ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ.
3. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ, ತಾನೇ ಕುಡಿದರೆ ಕುಡಿಯಲಿ.
4. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ.
5. ಎದ್ದು ಓಡಾಡಿದರೂ ಪಶುವೈದ್ಯರ ಬಳಿಗೆ ಒಯ್ಯಿರಿ. ಒಳ ಅಂಗಗಳ ಹಾನಿ ಮರುದಿನವೂ ಕಾಣಿಸಿಕೊಳ್ಳಬಹುದು.

ಮೊದಲು ತಂಪು, ಆಮೇಲೆ ಪ್ರಯಾಣ. ಕಾರಿಗೆ ಹಾಕಿ ಓಡುವ ಅವಸರದಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ.

ಮನುಷ್ಯರಿಗೆ ನಾಯಿ ಕಚ್ಚಿದರೆ ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಕಚ್ಚಿದ ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರನ್ನು ಕಾಣಿ, ಚುಚ್ಚುಮದ್ದು ಬೇಕೋ ಬೇಡವೋ ಎಂದು ಅವರೇ ಹೇಳಲಿ. ಕಾದಾಡುವ ನಾಯಿಗಳ ನಡುವೆ ಕೈ ಹಾಕಬೇಡಿ. ಹಲಗೆಯೋ ದಪ್ಪ ಚಾಪೆಯೋ ಅಡ್ಡ ತಳ್ಳಿ.

## ಹಂತ 8: ಸ್ಪರ್ಧೆ

ಹೊರಗಿನ ಸ್ಪರ್ಧೆಗೆ ಮುಂಚೆ ಕ್ಲಬ್ಬಿನೊಳಗೇ ಮೂರು ಅಣಕು ಸ್ಪರ್ಧೆ ಮಾಡಿ, ಮೈಕ್, ಶಾಮಿಯಾನ, ಅಪರಿಚಿತ ತೀರ್ಪುಗಾರರ ಸಮೇತ. ಮನೆಯಲ್ಲಿ ಚೆನ್ನಾಗಿ ಓಡುವ ನಾಯಿ ಮೈಕಿನ ಕಿರುಚಿಗೇ ಗೇಟಿನತ್ತ ಓಡಬಹುದು.

ಅಂತರರಾಷ್ಟ್ರೀಯ ಶ್ವಾನ ಸಂಸ್ಥೆ ಎಫ್‌ಸಿಐ ನಿಯಮದಲ್ಲಿ ಭುಜದ ಎತ್ತರ ನೋಡಿ ನಾಲ್ಕು ವರ್ಗ: 35 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ಮಾಲ್, 43ರ ಒಳಗೆ ಮೀಡಿಯಂ, 48ರ ಒಳಗೆ ಇಂಟರ್‌ಮೀಡಿಯೆಟ್, 48 ಮತ್ತು ಮೇಲೆ ಲಾರ್ಜ್. ಜಂಪಿನ ಎತ್ತರ ಕ್ರಮವಾಗಿ 25-30, 35-40, 45-50, 55-60. ಹದಿನೆಂಟು ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಕೋಲು ಬಿದ್ದರೆ, ಕಾಂಟ್ಯಾಕ್ಟ್ ತಪ್ಪಿದರೆ ಐದೈದು ಅಂಕ ದಂಡ. ಅಡೆತಡೆಯ ಮುಂದೆ ನಿರಾಕರಿಸಿದರೂ ಐದು, ಮೂರನೇ ನಿರಾಕರಣೆಗೆ ಹೊರಗೆ. ಅಂಗಳದೊಳಗೆ ತಿಂಡಿ, ಆಟಿಕೆ ಒಯ್ಯುವಂತಿಲ್ಲ. ಅರ್ಜಿ ತುಂಬುವ ಮೊದಲು ಆಯಾ ಆಯೋಜಕರ ನಿಯಮ ಪೂರ್ತಿ ಓದಿ. ವಂಶಾವಳಿ ಪತ್ರ, ಮೈಕ್ರೋಚಿಪ್ ಕೇಳುತ್ತಾರೆಯೇ, ನಾಡನಾಯಿಗೆ ಅವಕಾಶ ಇದೆಯೇ ಎಂಬುದನ್ನು ಬರಹದಲ್ಲೇ ಕೇಳಿಕೊಳ್ಳಿ.

ಸ್ಪರ್ಧೆಗೆ ಮೊದಲು ನಾಯಿಯಿಲ್ಲದೆ ಕೋರ್ಸ್ ನಡೆಯಲು ಕೆಲವು ನಿಮಿಷ ಕೊಡುತ್ತಾರೆ. ಅಡೆತಡೆಗಳ ಸಂಖ್ಯೆ ಬಾಯಿಪಾಠ ಮಾಡುವುದು ಅರ್ಧ ಕೆಲಸ. ಎಲ್ಲಿ ಪಕ್ಕ ಬದಲಿಸುತ್ತೀರಿ ಎಂದು ಕಾಲಿನಿಂದ ನಡೆದು ನಿರ್ಧರಿಸಿ, ಆಮೇಲೆ ಕಣ್ಣು ಮುಚ್ಚಿ ಒಮ್ಮೆ ಓಡಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ವಾಪಸ್ ಹೋಗಿ. ವೇಗದ ಲೆಕ್ಕವೂ ಇರಲಿ: 150 ಮೀಟರ್ ಕೋರ್ಸಿಗೆ ಸೆಕೆಂಡಿಗೆ ಮೂರು ಮೀಟರ್ ಎಂದು ನಿಗದಿ ಮಾಡಿದರೆ 50 ಸೆಕೆಂಡಿನಲ್ಲಿ ಮುಗಿಸಬೇಕು. ಮೊದಲ ವರ್ಷ ಆ ಗಡಿಯಾರ ನೋಡಬೇಡಿ, ತಪ್ಪಿಲ್ಲದ ಓಟ ನೋಡಿ.

## ಹಂತ 9: ದುಡ್ಡು, ಪುಸ್ತಕ, ಜಗಳ

ಕ್ಲಬ್‌ಗಳನ್ನು ಒಡೆಯುವುದು ನಾಯಿಗಳ ಕಾದಾಟಕ್ಕಿಂತ ಹೆಚ್ಚಾಗಿ "ಎ-ಫ್ರೇಮ್ ಯಾರದ್ದು" ಎಂಬ ಪ್ರಶ್ನೆ. ಸದಸ್ಯರ ಕೈಯಿಂದ ಬಂದ ಪ್ರತಿ ಸಾಧನಕ್ಕೂ ದಾನವೋ, ಸಾಲವೋ, ಬಾಡಿಗೆಯೋ ಎಂದು ಅದೇ ದಿನ ಬರೆದು ಸಹಿ ಹಾಕಿಸಿ. ಶುಲ್ಕ ತಿಂಗಳಿಗೊಮ್ಮೆ ಕ್ಲಬ್ ಖಾತೆಗೇ ಬರಲಿ, ಯಾರ ಸ್ವಂತ ಫೋನ್ ನಂಬರಿಗೂ ಬೇಡ. ನೋಂದಣಿ ಆದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದು ವರ್ಷ ಬಿಟ್ಟರೆ ಮುಂದಿನ ವರ್ಷ ಎರಡರಷ್ಟು ಓಡಾಟ.

ಸಾಧನ ಜೋಡಿಸುವ, ಎತ್ತಿಡುವ ಸರದಿಯನ್ನು ಗೋಡೆಗೆ ಹಾಕಿ. ತಡವಾಗಿ ಬಂದು ಓಡಿಸಿ ಬೇಗ ಹೊರಡುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಜೋಡಿಸುವ ಹೊತ್ತಿಗೆ ಬಾರದವರ ನಾಯಿಗೆ ಆ ದಿನ ಕೊನೆಯ ಸರದಿ ಎಂಬ ನಿಯಮ ಮಾಡಿದ ಮೇಲೆ ನಮ್ಮಲ್ಲಿ ಐದೂ ಮುಕ್ಕಾಲಿಗೇ ಗೇಟು ತೆರೆಯುತ್ತದೆ.

ಇನ್ನೊಂದು ಪುಸ್ತಕ ಘಟನೆಗಳಿಗೆ. ಯಾವ ನಾಯಿ ಕುಂಟಿತು, ಯಾವುದು ಗುರುಗುಟ್ಟಿತು, ಯಾವ ಕೋಲು ಬಿರುಕು ಬಿಟ್ಟಿತು, ತಾರೀಕಿನ ಸಮೇತ. ಒಂದು ನಾಯಿಯ ಹೆಸರು ಮೂರು ಸಲ ಬಂದರೆ ಅದರ ಮಾಲೀಕರ ಜೊತೆ ಕೂತು ಮಾತಾಡುವುದು ಸುರಕ್ಷತೆಯವರ ಕೆಲಸ.

## ಹಂತ 10: ಕೋಲು ಇಳಿಸುವುದು

ಎಂಟು ವರ್ಷದ ಆಸುಪಾಸಿಗೆ, ಭಾರೀ ತಳಿಗಳಲ್ಲಿ ಇನ್ನೂ ಮುಂಚೆ, ಸೂಚನೆಗಳು ಶುರುವಾಗುತ್ತವೆ. ಜಂಪಿನ ಮುಂದೆ ಒಂದು ಹೆಜ್ಜೆ ಹೆಚ್ಚು ಹಾಕುವುದು, ತಿರುವಿನಲ್ಲಿ ಅಗಲವಾಗಿ ಹೋಗುವುದು, ಭಾನುವಾರ ಸಂಜೆ ಏಳುವಾಗ ಹಿಂಗಾಲು ಬಿಗಿಯುವುದು. ಆಗ ಪಶುವೈದ್ಯರಿಗೆ ತೋರಿಸಿ, ಕೋಲನ್ನು ಒಂದು ವರ್ಗ ಕೆಳಗಿಳಿಸಿ, ಎ-ಫ್ರೇಮ್ ಮತ್ತು ವೀವ್ ಬಿಡಿಸಿ. ಆದರೆ ತರಗತಿ ಬಿಡಿಸಬೇಡಿ. ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ನಿಮಗಿಂತ ಮೊದಲು ಬಾಗಿಲಿಗೆ ಬಂದು ನಿಂತ ನಾಯಿಯನ್ನು ಮನೆಯಲ್ಲಿ ಕಟ್ಟಿ ಹೋಗುವುದು ಅದಕ್ಕೆ ಅರ್ಥವಾಗುವುದಿಲ್ಲ. ಹೊಸ ನಾಯಿಗಳ ಸರದಿ ಶುರುವಾಗುವ ಮೊದಲು, ಬಿಸಿಲೇರುವ ಮುಂಚೆ, ಕೋಲನ್ನು ನೆಲದ ಮೇಲಿಟ್ಟು ನಾಲ್ಕು ಜಂಪ್ ದಾಟಿಸಿ, ಒಮ್ಮೆ ಟನಲ್ ಒಳಗೆ ಬಿಟ್ಟು, ಆಚೆ ಬದಿಯಲ್ಲಿ ಬಗ್ಗಿ ನಿಂತು ಕರೆಯಿರಿ.